ಬೀದಿ ವಾರ್ತೆ, ಒಂದೇ ಪ್ರತಿ

ಮಾರ್ಚ್ 4, ಸೋಮವಾರ

ಇವತ್ತು ಬೆಳಿಗ್ಗೆ ಗಮನಿಸಿದ್ದು: ಜನ ಹಳೆಯ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬರುತ್ತಾರೆ, ಅಂಚಿನವರೆಗೆ ತುಂಬಿದ ಲೋಟ ತರುವ ಹಾಗೆ. ಹೊಸ ಫೋನು ಮಾತ್ರ ಹಿಂದಿನ ಜೇಬಿನಲ್ಲಿರುತ್ತದೆ. ಅದರ ಮೇಲೇ ಕೂರುತ್ತಾರೆ.

ಕೆಲಸದ ಮೊದಲ ದಿನ. ಗ್ರಂಥಾಲಯದ ಮಹಡಿಯಲ್ಲಿ, ಹಿಂದೆ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದ ಕೋಣೆಗೆ ಈಗ 'ನೆನಪಿನ ಕಪಾಟು' ಎಂಬ ಬೋರ್ಡು ಬಂದಿದೆ. ಕಪಾಟೆಂದರೆ ಮರದ ಕಪಾಟಲ್ಲ, ಮೂಲೆಯಲ್ಲಿ ಕೂತು ಗುಂಯ್ ಎನ್ನುವ ಒಂದು ಕಪ್ಪು ಪೆಟ್ಟಿಗೆ. ಜನ ತಮ್ಮ ಫೋನಿನಲ್ಲಿರುವ ಫೋಟೊ, ವಿಡಿಯೊ, ಧ್ವನಿ ಏನಿದ್ದರೂ ತಂದುಕೊಡುತ್ತಾರೆ. ಅದರಲ್ಲಿ ಮುಂದಿನವರಿಗೆ ಉಳಿಯಬೇಕಾದ್ದನ್ನು ಆರಿಸಿ ತಿಂಗಳ ಕೊನೆಯ ಸಮಿತಿ ಸಭೆಗೆ ಒಪ್ಪಿಸುವುದು ನನ್ನ ಕೆಲಸ. ಸಭೆ ಇಪ್ಪತ್ತೆಂಟಕ್ಕೆ. ಆರಿಸದೆ ಬಿಟ್ಟದ್ದೆಲ್ಲ ಆಮೇಲೆ ಪೆಟ್ಟಿಗೆಯಿಂದ ಹೋಗುತ್ತದೆ.

ಗ್ರಂಥಪಾಲಕಿ ಮೇಡಂ ನಿಯಮವನ್ನು ದಪ್ಪ ಅಕ್ಷರದಲ್ಲಿ ಗೋಡೆಗೆ ಅಂಟಿಸಿದ್ದಾರೆ: ಒಂದು ವಸ್ತು, ಒಂದು ಪ್ರತಿ, ಒಂದು ಕಾರಣ, ಒಂದು ಒಪ್ಪಿಗೆ. ಒಪ್ಪಿಗೆ ತಂದುಕೊಟ್ಟವರದ್ದಲ್ಲ, ಅದರೊಳಗೆ ಇರುವವರದ್ದು.

"ಸಾಹಿತ್ಯ ಓದಿದೀಯ. ಯಾವುದು ಕಾಳು ಯಾವುದು ಜೊಳ್ಳು ಅಂತ ನಿನಗೆ ನಾನು ಹೇಳ್ಕೊಡ್ಬೇಕಾ?" ಅಂದರು.

"ಹೂಂ" ಅಂದೆ. ಬೇಡ ಎನ್ನಬೇಕಿತ್ತು ಎಂದು ಆಮೇಲೆ ಹೊಳೆಯಿತು. ಇಡೀ ದಿನ ನಾನಾಡಿದ ಮಾತು ಅದೊಂದೇ, ಅದನ್ನೂ ಎರಡು ಸಲ ಹೇಳಬೇಕಾಯಿತು. ಮೊದಲನೆಯ ಸಲ ಅವರಿಗೆ ಕೇಳಿಸಲಿಲ್ಲ.

ಮಾರ್ಚ್ 6, ಬುಧವಾರ

ಯಂತ್ರ ನೋಡಿಕೊಳ್ಳುವ ಹುಡುಗನನ್ನು ಎಲ್ಲರೂ ತಂತಿ ಎನ್ನುತ್ತಾರೆ. ಕೊರಳಲ್ಲಿ ಯಾವಾಗಲೂ ಒಂದಿಷ್ಟು ವೈರು ನೇತಾಡುತ್ತಿರುತ್ತವೆ. ನಾನು ಅವನಿಗೆ 'ಎಂ.ಎ. ಅವರು'.

ನಿವೃತ್ತ ಬ್ಯಾಂಕಿನವರೊಬ್ಬರು ಬಂದಿದ್ದರು. ಅವರ ಫೋನಿನಲ್ಲಿ ಸಾವಿರಾರು ಫೋಟೊ, ಎಲ್ಲವೂ ಅವರ ಸ್ಕೂಟರಿನದೇ. ಅಂಗಡಿ ಮುಂದೆ ಸ್ಕೂಟರು, ಆಸ್ಪತ್ರೆ ಮುಂದೆ ಸ್ಕೂಟರು, ಗೋಡೆ ಪಕ್ಕ ಸ್ಕೂಟರು. ಯಾಕೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ತಂತಿ ಕೇಳಿದ.

"ಎಲ್ಲಿ ನಿಲ್ಲಿಸಿದೆ ಅಂತ ಮರ್ತೋಗುತ್ತಲ್ಲಪ್ಪಾ! ಫೋಟೊ ನೋಡ್ಕೊಂಡು ವಾಪಸ್ ಹೋಗ್ತೀನಿ."

'ಬೇಡ' ಎಂಬ ಗುಂಪಿಗೆ ಹಾಕಿದೆ. ಜೊಳ್ಳು ಗುರುತಿಸುವುದು ಸುಲಭವೇ.

ಮಧ್ಯಾಹ್ನ ಇಸ್ತ್ರಿ ಅಂಗಡಿಯವರು ಬಂದರು. "ಮಿಕ್ಕಿದ್ದೆಲ್ಲ ಬಿಸಾಕು ತಾಯಿ, ಇದೊಂದು ಇಡ್ಲೇಬೇಕು. ನಮ್ಮಂಗಡೀಲಿ ದಿನಾ ಹಾಕ್ತೀವಿ" ಎಂದು ಒತ್ತಿದರು. ಚಿಕ್ಕ ಹುಡುಗಿಯೊಬ್ಬಳ ದನಿ.

"ಈಗ ಸಮಯ... ಗಡಿಯಾರ ನಿಂತಿದೆ. ಬೀದಿ ವಾರ್ತೆಗಳು, ಓದುತ್ತಿರುವವರು ನಾನು. ಕಾಂಪೌಂಡಿನ ಮೇಲಿನ ಬೆಕ್ಕು, ಹಾಲು ಕುಡಿದದ್ದು ತಾನಲ್ಲವೆಂದು ಸ್ಪಷ್ಟಪಡಿಸಿದೆ. ಎದುರು ಮನೆಯ ಅಜ್ಜನ ಕನ್ನಡಕ ಕಳೆದುಹೋಗಿದ್ದು, ಅದು ಅವರ ಹಣೆಯ ಮೇಲೆಯೇ ಇರುವುದಾಗಿ ನಮ್ಮ ಬಾತ್ಮೀದಾರರು ತಿಳಿಸಿದ್ದಾರೆ. ಹವಾಮಾನ. ಅಮ್ಮನ ಮುಖದಲ್ಲಿ ಬೆಳಿಗ್ಗೆಯಿಂದ ಮೋಡ ಕವಿದಿದ್ದು, ಅಪ್ಪ ತಡವಾಗಿ ಬಂದಲ್ಲಿ ಗುಡುಗು ಸಹಿತ ಮಳೆಯಾಗುವ ಸಂಭವವಿದೆ. ಮಕ್ಕಳು ಅಡುಗೆಮನೆಗೆ ಇಳಿಯಬಾರದೆಂದು ಎಚ್ಚರಿಕೆ ನೀಡಲಾಗಿದೆ."

ತಂತಿ ಬಿದ್ದು ಬಿದ್ದು ನಕ್ಕ. ಕೆಳಗಿನಿಂದ ಮೇಡಂ ಓಡಿಬಂದು ಎರಡನೇ ಸಲ ಹಾಕಿಸಿದರು.

ನಾನು ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುತ್ತಿದ್ದೆ. ಆ ಹುಡುಗಿ ನಾನು.

ಮಾರ್ಚ್ 9, ಶನಿವಾರ

ಬೀದಿ ವಾರ್ತೆಯ ಇನ್ನೂ ಆರೇಳು ಪ್ರತಿ ಬಂದವು. ಔಷಧಿ ಅಂಗಡಿಯವನು ತಂದ, ಹೂಕುಂಡ ಮಾರುವವಳು ತಂದಳು, ಕಾಲೇಜು ಹುಡುಗರ ಗುಂಪೊಂದು ತಂದಿತು. ಹುಡುಗರು ಅದಕ್ಕೆ ತಬಲಾ ಸೇರಿಸಿದ್ದರು.

ಒಂದೇ ಥರದ ಧ್ವನಿಗಳನ್ನು ತಂತಿಯ ಯಂತ್ರ ಒಟ್ಟಿಗೆ ಗುಡ್ಡೆ ಹಾಕಿ, 'ಅದೇ?', 'ಬೇರೆ?' ಎಂದು ಕೇಳುತ್ತದೆ. ಪ್ರತಿಯೊಂದನ್ನೂ ಕಿವಿಗೆ ಹಾಕಿಕೊಂಡು ಪೂರ್ತಿ ಕೇಳಿ ಒತ್ತಬೇಕು. 'ಅದೇ' ಎಂದದ್ದು ಕಸದ ಬುಟ್ಟಿಗೆ ಹೋಗುತ್ತದೆ. ಬುಟ್ಟಿಯನ್ನು ತಂತಿ ನಾಲ್ಕನೇ ಶನಿವಾರ ಸಂಜೆ ಖಾಲಿ ಮಾಡುತ್ತಾನೆ.

ನಾನು ಒಂದನ್ನೂ ಕೇಳಲಿಲ್ಲ. ಅದೇ, ಅದೇ, ಅದೇ ಎಂದು ಒತ್ತಿಬಿಟ್ಟೆ. ಸ್ವಂತ ದನಿಯನ್ನು ಅಷ್ಟು ಸಲ ಕೇಳಿಸಿಕೊಳ್ಳುವ ಗಟ್ಟಿ ಕಿವಿ ನನ್ನದಲ್ಲ.

"ಈ ತಿಂಗಳ ಮುತ್ತು ಇದೇ. ಆದರೆ ಒಪ್ಪಿಗೆ ಇಲ್ದೆ ಇಡೋ ಹಾಗಿಲ್ಲ. ಇಪ್ಪತ್ತೆಂಟರೊಳಗೆ ಆ ಹುಡುಗೀನ ಹುಡುಕು. ಸಿಗ್ಲಿಲ್ಲ ಅಂದ್ರೆ ಬಿಡ್ಬೇಕಾಗುತ್ತೆ" ಎಂದರು ಮೇಡಂ.

ಬಿಡಲಿ. ಅದಕ್ಕಿಂತ ಸುಖ ಏನಿದೆ?

ಮಾರ್ಚ್ 12, ಮಂಗಳವಾರ

ಮೇಡಂ ಕೇಳಿದರು, "ಸಿಕ್ಕಿದ್ಲಾ?" ಹುಡುಕುತ್ತಿದ್ದೇನೆ ಎಂದೆ. ಬೆಳಿಗ್ಗೆ ತಲೆ ಬಾಚುವಾಗ ಕನ್ನಡಿಯಲ್ಲಿ ಸಿಕ್ಕಿದ್ದಳು. ವರದಿ ಮಾಡಲಿಲ್ಲ.

ಮಾರ್ಚ್ 15, ಶುಕ್ರವಾರ

ಆ ಹುಡುಗಿ ಈಗೆಲ್ಲಿದ್ದಾಳೆ ಎಂಬ ಬಗ್ಗೆ ಊರಿನಲ್ಲಿ ಹಲವು ಮತಗಳಿವೆ. ಟೀವಿಯಲ್ಲಿ ನಿಜವಾಗಿಯೂ ವಾರ್ತೆ ಓದುತ್ತಾಳೆ ಎಂದು ಇಸ್ತ್ರಿಯವರು. ವಕೀಲೆಯಾಗಿದ್ದಾಳೆ, ಬಾಯಿ ಹಾಗಿತ್ತಲ್ಲ ಎಂದು ಔಷಧಿ ಅಂಗಡಿಯವನು. ಅವಳು ಹುಡುಗಿಯೇ ಅಲ್ಲ, ಹುಡುಗ ಎಂದು ಹೂಕುಂಡದವಳು. ಗ್ರಂಥಾಲಯದ ಮಹಡಿಯಲ್ಲಿ ಕೂತು, ಕೇಳಿದ್ದಕ್ಕೆ ಹೂಂ ಎನ್ನುತ್ತಾಳೆ ಎಂದು ಯಾರೂ ಅನ್ನಲಿಲ್ಲ.

ಆಗ ನನಗೆ ಒಂಬತ್ತು ವರ್ಷ. ಸೋದರಮಾವ ಹೊಸ ಫೋನು ತಂದಿದ್ದ, ಏನಾದರೂ ಮಾತಾಡು ಎಂದ. ಮಾತಾಡಿದೆ. ಒಬ್ಬ ಸ್ನೇಹಿತನಿಗೆ ಕಳಿಸಿದನಂತೆ, ಬರೀ ಒಬ್ಬನಿಗೆ. ವಾರದೊಳಗೆ ಅಮ್ಮ ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ಎಲ್ಲರೂ "ಇವತ್ತು ಹವಾಮಾನ ಹೇಗಿದೆ ಮೇಡಂ?" ಎಂದು ಕೇಳತೊಡಗಿದರು. ಅಮ್ಮ ಮನೆಗೆ ಬಂದವಳೇ ಚೀಲ ಎಸೆದು, "ಇನ್ನು ಬಾಯಿ ಮುಚ್ಕೊಂಡಿರು" ಎಂದಳು.

ಮುಚ್ಚಿಕೊಂಡೆ. ಆ ಬೀದಿ ಬಿಟ್ಟು ಊರಿನ ಈ ಕಡೆಗೆ ಬಂದೆವು, ಬಾಯಿ ಮಾತ್ರ ಹಾಗೇ ಉಳಿಯಿತು. ಅಮ್ಮನೂ ನಾನೂ ಆ ಮಾತು ಎತ್ತಿದ್ದಿಲ್ಲ.

ಇತರ ಸುದ್ದಿ: ತಂತಿ ಕ್ಷೌರ ಮಾಡಿಸಿಕೊಂಡಿದ್ದಾನೆ. ಕಾರಣ ತಿಳಿದುಬಂದಿಲ್ಲ.

ಮಾರ್ಚ್ 16, ಶನಿವಾರ

ಮೈಕ್ ಸೆಟ್ಟಿನವರು ಬೆರಳುಗುರಿನಷ್ಟು ಚಿಕ್ಕ ಕಾರ್ಡೊಂದನ್ನು ತಂದಿದ್ದರು. ಹಳೆಯ ಶಾಲಾ ಸಮಾರಂಭಗಳೆಲ್ಲ ಅದರಲ್ಲಿವೆಯಂತೆ. "ಬೇಗ ಇಳಿಸ್ಕೊಳಿ, ಕೊನೆ ಉಸಿರು ಎಳೀತಿದೆ ಇದು." ತಂತಿ ಇಳಿಸಿಕೊಂಡ, ಕಾರ್ಡು ಅಷ್ಟಕ್ಕೇ ಪ್ರಾಣ ಬಿಟ್ಟಿತು. ಅದರಲ್ಲೂ ಒಂದು ಬೀದಿ ವಾರ್ತೆ! 'ಅದೇ' ಒತ್ತಿದೆ.

ಸ್ಕೂಟರಿನವರು ಮತ್ತೆ ಬಂದರು. ಈ ಸಲ ನಾನೇ ಕೇಳಿದೆ, "ಸರ್, ಇವನ್ನ ಯಾಕೆ ಅಳಿಸ್ಲಿಲ್ಲ?" ಪ್ರಶ್ನೆ ಹೊರಗೆ ಬಂದ ಮೇಲೆ ನನಗೇ ಗಾಬರಿಯಾಯಿತು. ಅವರು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಒಂದೊಂದೇ ತೋರಿಸಿದರು. ಸ್ಕೂಟರಿನ ಹಿಂದೆ ಸೈಕಲ್ ಅಂಗಡಿ. ಮುಂದಿನ ವರ್ಷ ಅದೇ ಜಾಗದಲ್ಲಿ ಫೋನ್ ಅಂಗಡಿ. ಆಮೇಲೆ ಬಾಗಿಲು ಹಾಕಿದ ಫೋನ್ ಅಂಗಡಿ. ಸ್ಕೂಟರು ಮಾತ್ರ ಅದೇ, ಹಿಂದೆ ಊರೇ ಬಟ್ಟೆ ಬದಲಿಸುತ್ತಿತ್ತು.

'ಬೇಡ'ದಿಂದ ತೆಗೆದೆ. ಕಾರಣದ ಜಾಗದಲ್ಲಿ ಬರೆದದ್ದು: ಇವರು ಮರೆಗುಳಿಯಾದದ್ದು ಊರಿನ ಪುಣ್ಯ.

ಮಾರ್ಚ್ 19, ಮಂಗಳವಾರ

ಭಾರಿ ಸುದ್ದಿ. ಆ ಹುಡುಗಿ ಸಿಕ್ಕಿದ್ದಾಳೆ. ನಾನಲ್ಲ.

ಮೆಟ್ಟಿಲ ಮೇಲೆ ಧಡಧಡ ಸದ್ದು. ಕೈಯಲ್ಲಿ ಕಾರಿನ ಕೀ ತಿರುಗಿಸುತ್ತ ಒಬ್ಬ ಹೆಂಗಸು ಬಂದರು. ಡ್ರೈವಿಂಗ್ ಶಾಲೆ ನಡೆಸುತ್ತಾರೆ, ಕಲಿಯುವವರೆಲ್ಲ ಕರೆಯುವುದು ಕ್ಲಚ್ ಅಕ್ಕ ಎಂದು. ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವರಿರಬಹುದು, ದನಿ ನನ್ನದರ ಹತ್ತರಷ್ಟು ದೊಡ್ಡದು.

"ಯಾರನ್ನೋ ಹುಡುಕ್ತಿದೀರಂತೆ? ಬಂದಿದೀನಿ ನೋಡಿ!"

ಮೇಡಂಗೆ ಸಂತೋಷ ತಡೆಯಲಾಗಲಿಲ್ಲ. ಕೇಳಿಸಿದರು. ಕ್ಲಚ್ ಅಕ್ಕ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಹೂಂ, ನಾನೇ. ಸ್ಕೂಲಲ್ಲಿ ಸ್ಟೇಜ್ ಮೇಲೆ ಹೇಳಿದ್ದು. ಆದ್ರೆ ಯಾರೋ ಕೈಯಾಡಿಸಿದಾರೆ ಇದಕ್ಕೆ. ನಂದ್ರಲ್ಲಿ ಬೆಕ್ಕಿರ್ಲಿಲ್ಲ, ಹುಂಜ ಇತ್ತು. ಕೊನೇಲಿ ನಮ್ಮಪ್ಪ ನಗ್ತಾರೆ, ಅದನ್ನೂ ಕಟ್ ಮಾಡ್ಬಿಟ್ಟಿದಾರೆ!"

"ಕಳಿಸ್ತಾ ಕಳಿಸ್ತಾ ಹಾಗಾಗುತ್ತೆ" ಎಂದು ತಂತಿ ತಜ್ಞನ ಹಾಗೆ ಹೇಳಿದ.

"ಆ ನಗು ಬೇಕಿತ್ತು ಕಣಪ್ಪಾ. ನಮ್ಮಪ್ಪ ಜೀವಮಾನದಲ್ಲಿ ನಕ್ಕಿದ್ದು ಅದೊಂದೇ ಸಲ. ಈಗ ಕೇಳಿದ್ರೆ ನಕ್ಕೇ ಇಲ್ಲ ಅಂತಾರೆ, ಕಲ್ಲುಗುಂಡು. ನನ್ ಮಗಳಂತೂ ತಾತನಿಗೆ ಹಲ್ಲೇ ಇಲ್ಲ ಅಂದ್ಕೊಂಡಿದಾಳೆ."

ಒಪ್ಪಿಗೆಗೆ ಸಹಿ ಹಾಕಲು ಪೆನ್ನು ಕೇಳಿದರು. ಮೇಡಂ ನನ್ನ ಕಡೆ ಕೈ ಚಾಚಿದರು. ಪೆನ್ನಿನಲ್ಲಿ ಮಸಿ ಮುಗಿದಿದೆ ಎಂದೆ. ಎರಡನೆಯದರಲ್ಲೂ. ತಂತಿ ನನ್ನನ್ನೇ ನೋಡುತ್ತಿದ್ದ. ಸಭೆಯ ಹಿಂದಿನ ದಿನ ಬಂದು ಹಾಕುತ್ತೇನೆಂದು ಕ್ಲಚ್ ಅಕ್ಕ ಹೊರಟರು, ಕೆಳಗೆ ಯಾರೋ ಕಲಿಯುವವರು ಕಾರಿನಲ್ಲೇ ಕಾಯುತ್ತಿದ್ದರಂತೆ.

ಮಾರ್ಚ್ 20, ಬುಧವಾರ

ಸುಮ್ಮನಿದ್ದರೆ ಮುಗಿಯಿತು. ದನಿ ಕಪಾಟಿಗೆ ಹೋಗುತ್ತದೆ, ಅದರ ಕೆಳಗೆ ಅವರ ಹೆಸರು. ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಇಷ್ಟು ವರ್ಷ ನಾನು ಬೇಡಿಕೊಂಡದ್ದೂ ಇದನ್ನೇ ಅಲ್ಲವೆ?

ಹಾಗಿದ್ದರೆ ಪೆನ್ನಿನ ವಿಷಯದಲ್ಲಿ ಯಾಕೆ ಸುಳ್ಳು ಹೇಳಿದೆ? ಎರಡೂ ಚೆನ್ನಾಗಿಯೇ ಬರೆಯುತ್ತಿವೆ. ಇದನ್ನು ಅವುಗಳಲ್ಲೇ ಒಂದರಲ್ಲಿ ಬರೆಯುತ್ತಿದ್ದೇನೆ.

ಮಾರ್ಚ್ 23, ಶನಿವಾರ

ಬೆಳಿಗ್ಗೆ ಬಸ್ಸಿನಲ್ಲಿ ನಿಂತಿದ್ದಾಗ ಹುಂಜ ನೆನಪಾಯಿತು. ನನ್ನ ವಾರ್ತೆಯಲ್ಲಿ ಹುಂಜವಿಲ್ಲ. ಸ್ಟೇಜೂ ಇರಲಿಲ್ಲ, ನಾನು ಓದಿದ್ದು ಮಂಚದ ಮೇಲೆ ಕೂತು. ಅಂದರೆ ಕ್ಲಚ್ ಅಕ್ಕ ಸುಳ್ಳು ಹೇಳುತ್ತಿಲ್ಲ. ನನ್ನದನ್ನು ಕೇಳಿ, ಕಲಿತು, ತನ್ನದಾಗಿ ಮಾಡಿಕೊಂಡು ಹೇಳಿದ್ದಾರೆ. ವರ್ಷಗಳಾದ ಮೇಲೆ ಎರಡೂ ಅವರ ತಲೆಯಲ್ಲಿ ಒಂದೇ ಆಗಿವೆ. ಶಾಲೆಯ ಸ್ಟೇಜು ಎಂದರೆ ಮೈಕ್ ಸೆಟ್ಟಿನವರ ಕಾರ್ಡು. ಕಾರ್ಡು ಸತ್ತಿದೆ. ಅದರಿಂದ ಇಳಿಸಿಕೊಂಡದ್ದು ಬುಟ್ಟಿಯಲ್ಲಿದೆ. ಇವತ್ತು ನಾಲ್ಕನೇ ಶನಿವಾರ.

ಎರಡು ನಿಲ್ದಾಣ ಮುಂಚೆಯೇ ಇಳಿದು ಓಡಿದೆ. ಯಾಕೆ ಎಂದರೆ ಗೊತ್ತಿಲ್ಲ, ಬಸ್ಸು ನನಗಿಂತ ಬೇಗ ತಲುಪಿತು.

"ಬುಟ್ಟಿ ಮುಟ್ಟಬೇಡ!" ಎಂದು ಬಾಗಿಲಿನಿಂದಲೇ ಕೂಗಿದೆ.

ತಂತಿಯ ಕೈಯಿಂದ ವೈರು ಕೆಳಗೆ ಬಿತ್ತು. "ಎಂ.ಎ. ಅವ್ರೇ, ನಿಮಗೆ ಕೂಗೋಕೂ ಬರುತ್ತಾ?"

ಮಧ್ಯಾಹ್ನವಿಡೀ ಕಿವಿಗೆ ಹಾಕಿಕೊಂಡು ಕೂತೆ. 'ಅದೇ' ಎಂದು ಎಸೆದಿದ್ದರಲ್ಲಿ ಎಷ್ಟೊಂದು ಅದಲ್ಲವೇ ಅಲ್ಲ! ಒಬ್ಬ ಹುಡುಗ ತನ್ನ ಹಾಸ್ಟೆಲಿನ ವಾರ್ತೆ ಓದಿದ್ದಾನೆ. ಯಾರೋ ಅಜ್ಜಿ ಸೊಸೆಯ ಹವಾಮಾನ ಹೇಳಿದ್ದಾರೆ. ತರಗತಿಯಲ್ಲಿ ಪಾಠಾಂತರ ಎಂದು ಪುಟಗಟ್ಟಲೆ ಬರೆದುಕೊಂಡಿದ್ದೆ, ಒಂದು ಕಾವ್ಯವನ್ನು ಕೈಯಿಂದ ಕೈಗೆ ಪ್ರತಿ ಮಾಡುವಾಗ ಲಿಪಿಕಾರರು ಬದಲಿಸಿದ್ದು, ಸೇರಿಸಿದ್ದು. ಆಗ ಅದು ಬರೀ ಪರೀಕ್ಷೆಯ ಪ್ರಶ್ನೆಯಾಗಿತ್ತು.

ಕೊನೆಗೆ ಸಿಕ್ಕಿತು. ಹಿಂದೆ ಸಭಾಂಗಣದ ಗದ್ದಲ. ನನಗಿಂತ ಗಟ್ಟಿಯಾದ ಹುಡುಗಿ. ಹಾಲಿನ ವಿಷಯದಲ್ಲಿ ಹುಂಜ ಸ್ಪಷ್ಟೀಕರಣ ಕೊಟ್ಟ ಮೇಲೆ: "ಹವಾಮಾನ. ಅಪ್ಪನ ಮುಖದಲ್ಲಿ ಕಳೆದ ಹತ್ತು ವರ್ಷಗಳಿಂದ ಮೋಡ ಕವಿದಿದ್ದು, ಬಿಸಿಲು ಬರುವ ಯಾವ ಸೂಚನೆಯೂ ಇಲ್ಲ." ಆಮೇಲೆ ಗಂಡಸೊಬ್ಬರ ನಗು. ತುಕ್ಕು ಹಿಡಿದ ಗೇಟು ತೆರೆದ ಹಾಗೆ, ಮೊದಲು ಕಿರ್ರೆಂದು, ಆಮೇಲೆ ಪೂರ್ತಿ.

ಅದರ ನಡುವೆ ನನ್ನದನ್ನೂ ಕೇಳಿದೆ. ಕೆಟ್ಟದಾಗಿಲ್ಲ.

ಮಾರ್ಚ್ 24, ಭಾನುವಾರ

ಅಮ್ಮ ಬಟ್ಟೆ ಮಡಚುತ್ತಿದ್ದಳು. ಹಾಸಿಗೆಯ ಇನ್ನೊಂದು ತುದಿಯಲ್ಲಿ ಕೂತು ಎಲ್ಲ ಹೇಳಿದೆ. ಬೀದಿ ವಾರ್ತೆ, ಮೇಡಂ, ಕ್ಲಚ್ ಅಕ್ಕ. ಒಪ್ಪಿಗೆ ನಿನ್ನದೂ ಬೇಕಾಗಬಹುದು, ಗುಡುಗು ನಿನ್ನದು ಎಂದೆ.

"ಅದಕ್ಕೇನು, ಹಾಕ್ತೀನಿ. ಗುಡುಗಿದ್ದು ಸುಳ್ಳಾ?"

"ಅವತ್ತು ನಿನಗೆ ಅಷ್ಟು ಬೇಜಾರಾಗಿತ್ತಲ್ಲಮ್ಮಾ. ಬಾಯಿ ಮುಚ್ಕೊಂಡಿರು ಅಂದಿದ್ದೆ."

"ನಾನಾ? ಯಾವಾಗ?"

"ಚೀಲ ಎಸೆದು."

ಅಮ್ಮ ಮಡಚುವುದನ್ನು ನಿಲ್ಲಿಸಿದಳು. "ಅಂದಿರ್ಬಹುದು. ಆದ್ರೆ ಒಂದು ದಿನಕ್ಕೆ ಅಂದಿರ್ತೀನಿ ಕಣೇ. ಹದಿನಾಲ್ಕು ವರ್ಷಕ್ಕಲ್ಲ."

ನನಗೆ ನಗು ಬಂತು. ಅವಳಿಗೆ ಬರಲಿಲ್ಲ. ಅಪ್ಪನ ಅಂಗಿಯನ್ನು ಬಿಡಿಸಿ ಮತ್ತೆ ಮಡಚಿದಳು, ಚೆನ್ನಾಗಿಯೇ ಮಡಚಿದ್ದ ಅಂಗಿಯನ್ನು.

"ದೊಡ್ಡವಳಾದ್ಲು, ಗಂಭೀರ ಆದ್ಲು ಅಂದ್ಕೊಂಡಿದ್ದೆ. ಎಲ್ಲರ ಹತ್ರ ಹೆಮ್ಮೆಯಿಂದ ಬೇರೆ ಹೇಳ್ಕೊಂಡು ಬಂದೆ, ನನ್ನ ಮಗಳು ಮಾತೇ ಆಡಲ್ಲ ಅಂತ."

ಆಮೇಲೆ ಇಬ್ಬರೂ ಕಾಲುಚೀಲಗಳ ಜೋಡಿ ಹುಡುಕಿದೆವು.

ಮಾರ್ಚ್ 26, ಮಂಗಳವಾರ

ಊಟದ ಬಿಡುವಿನಲ್ಲಿ ಡ್ರೈವಿಂಗ್ ಶಾಲೆಗೆ ಹೋದೆ. ಕ್ಲಚ್ ಅಕ್ಕ ಕಾರಿನಲ್ಲೇ ಇದ್ದರು, ಕಲಿಸುವವರ ಸೀಟಿನಲ್ಲಿ. ಅವರ ಕಾಲ ಬಳಿಯೂ ಒಂದು ಬ್ರೇಕು ಇದೆ. ಖಾಲಿಯಿದ್ದದ್ದು ಓಡಿಸುವವರ ಜಾಗ, ಅಲ್ಲೇ ಕೂರಿಸಿದರು. ಕೈ ಎಲ್ಲಿಡಬೇಕೋ ತಿಳಿಯದೆ ಸ್ಟೇರಿಂಗ್ ಹಿಡಿದುಕೊಂಡೆ.

"ಅಕ್ಕಾ, ಅವತ್ತು ಕೇಳಿಸಿದ್ದ ಹುಡುಗಿ ನೀವಲ್ಲ."

"ಮತ್ಯಾರು?"

"ನಾನು."

ತಲೆಯಿಂದ ಕಾಲಿನವರೆಗೆ ನೋಡಿದರು. "ನೀನಾ? ನಿನ್ನ ಬಾಯಲ್ಲಿ ಇಷ್ಟು ಮಾತು ಕೇಳ್ತಿರೋದೇ ಇವತ್ತು."

ವಾದಕ್ಕಿಳಿಯುವ ಮೊದಲೇ ಇಯರ್‌ಫೋನ್ ಕೈಗಿಟ್ಟೆ. ಹುಂಜ ಬಂದಾಗ "ಆಹಾ!" ಎಂದರು. ಹವಾಮಾನ ಬಂದಾಗ ತುಟಿ ತಾನಾಗಿಯೇ ಜೊತೆಗೆ ಹೇಳುತ್ತಿತ್ತು. ನಗು ಬಂದಾಗ, ನಿಂತಿದ್ದ ಕಾರಿನ ಬ್ರೇಕನ್ನು ಬಲವಾಗಿ ಒತ್ತಿದರು.

"ನಮ್ಮಪ್ಪ" ಎಂದರು. ಇನ್ನೊಂದು ಸಲ ಕೇಳಿದರು. ಮತ್ತೊಂದು ಸಲ. "ಮುದುಕ ಈಗ ಎಲ್ಲಿಗೆ ಹೋಗ್ತಾನೆ ನೋಡ್ತೀನಿ! ಸಾಕ್ಷಿ ಸಮೇತ ಸಿಕ್ಕಿಬಿದ್ದ."

ಕಣ್ಣು ಒರೆಸಿಕೊಂಡು, ದನಿ ಇಳಿಸಿ ಕೇಳಿದರು, "ಹಾಗಾದ್ರೆ ನಾನು ನಿನ್ನ ನೋಡಿ ಕಾಪಿ ಹೊಡೆದಿದ್ದು. ಮಗಳಿಗೆ ಬೇರೆ ನಾನೇ ಅಂತ ಹೇಳ್ಬಿಟ್ಟಿದೀನಿ. ಅವಳು ಇಡೀ ಸ್ಕೂಲಿಗೆ ಹೇಳಿದಾಳೆ."

"ಕಾಪಿ ಅಲ್ಲಕ್ಕಾ. ಹಿಂದೆ ಕಾವ್ಯಗಳನ್ನ ಒಬ್ಬರದು ನೋಡಿ ಇನ್ನೊಬ್ಬರು ಬರ್ಕೋತಿದ್ರು. ಬರ್ಕೊಳ್ಳೋವಾಗ ಕೆಲವರು ತಮ್ಮದೂ ಒಂದು ಸೇರಿಸ್ತಿದ್ರು. ನಿಮ್ಮಪ್ಪನ ಮೋಡ ನನ್ನದ್ರಲ್ಲಿ ಎಲ್ಲಿದೆ? ಅದು ನಿಮ್ಮದೇ. ಮಗಳಿಗೆ ಅದನ್ನ ಕೇಳ್ಸಿ."

"ಇಷ್ಟು ಚೆನ್ನಾಗಿ ಹೇಳ್ತೀಯ. ನನ್ನ ಪರೀಕ್ಷೆ ಹಾಲ್‌ಗೆ ನೀನು ಬರ್ಬೇಕಿತ್ತು ನೋಡು" ಎಂದು ಬೆನ್ನಿಗೊಂದು ಏಟು ಕೊಟ್ಟರು. ಇನ್ನೂ ಉರಿಯುತ್ತಿದೆ.

ಅವರ ಫೋನಿಗೂ ಒಂದು ಪ್ರತಿ ಹಾಕಿಕೊಟ್ಟೆ. ಆದರೆ ಈ ವರ್ಷದಲ್ಲೇ ಎರಡು ಫೋನುಗಳ ಮೇಲೆ ಕಾರು ಹತ್ತಿಸಿದ್ದಾರಂತೆ.

ಮಾರ್ಚ್ 27, ಬುಧವಾರ

ಕ್ಲಚ್ ಅಕ್ಕ ಬಂದು ಒಪ್ಪಿಗೆಗೆ ಸಹಿ ಹಾಕಿದರು, ತಮ್ಮದಕ್ಕೆ. ಅಪ್ಪನ ಸಹಿಯನ್ನೂ ಹಾಕಿಸಿಕೊಂಡು ಬಂದಿದ್ದರು. ಅದು ನಗು ಅಲ್ಲ, ಕೆಮ್ಮು ಎಂದು ಅವರು ಹೇಳಿಕೆ ಕೊಟ್ಟಿದ್ದಾರಂತೆ. ಮೇಡಂ ಕೆಳಗೆ ಫೋನಿನಲ್ಲಿದ್ದರು, ಯಾವುದಕ್ಕೆ ಸಹಿ ಎಂದು ನೋಡಲಿಲ್ಲ.

ಸಂಜೆ ಮೇಡಂ ಹತ್ತಿರ ಹೋಗಿ ಸುತ್ತಿ ಬಳಸಿ ಕೇಳಿದೆ, ಒಂದೇ ಮಾತನ್ನು ಇಬ್ಬರು ಹೇಳಿದ್ದರೆ ಎರಡನ್ನೂ ಇಡಬಹುದೆ ಎಂದು.

"ಒಂದೇ ಪದ್ಯ ಇಬ್ಬರು ಹಾಡಿದ್ರೆ ಎರಡು ಪದ್ಯ ಆಗುತ್ತೇನೇ? ಒಂದು ವಸ್ತು, ಒಂದು ಪ್ರತಿ. ಯಾವುದು ಅಂತ ನೀನೇ ಆರಿಸು, ಅದಕ್ಕೇ ಅಲ್ವಾ ನಿನ್ನ ಕರ್ಕೊಂಡಿದ್ದು?"

ಓದಿದ ಶಾಸ್ತ್ರದ ಪ್ರಕಾರ ಮೂಲಪ್ರತಿಗೇ ಪಟ್ಟ. ಉಳಿದದ್ದೆಲ್ಲ ಅಡಿಟಿಪ್ಪಣಿ.

ಈಗಷ್ಟೇ ಆರಿಸಿದೆ. ಅಕ್ಕನದನ್ನು ಇಟ್ಟಿದ್ದೇನೆ. ನನ್ನದು ಊರಿನ ಅರ್ಧ ಫೋನುಗಳಲ್ಲಿದೆ, ಅದನ್ನು ಕಾಯಲು ಇಸ್ತ್ರಿ ಅಂಗಡಿಯೇ ಸಾಕು. ಅವರದಕ್ಕೆ ಈ ಪೆಟ್ಟಿಗೆ, ಒಂದು ಫೋನು ಬಿಟ್ಟರೆ ದಿಕ್ಕಿಲ್ಲ. ಕಾರಣದ ಜಾಗದಲ್ಲಿ ಬರೆದದ್ದು: ಕೊನೆಯಲ್ಲಿ ಒಬ್ಬರು ನಗುತ್ತಾರೆ.

ನಾಳೆ ಸಭೆಯಲ್ಲಿ ಸದಸ್ಯರು ಬಿಡುವುದಿಲ್ಲ. ಎಲ್ಲರ ಬಾಯಲ್ಲಿರುವುದನ್ನು ಬಿಟ್ಟು ಇದ್ಯಾವುದು, ಬೆಕ್ಕಿನ ಹುಡುಗಿ ಎಲ್ಲಿ, ಅವಳನ್ನು ಕೇಳಿದಿರಾ ಎನ್ನುತ್ತಾರೆ. ಮೇಡಂ ನನ್ನ ಕಡೆ ತಿರುಗುತ್ತಾರೆ. ಉತ್ತರವನ್ನು ನೀಟಾಗಿ ಬರೆದಿಟ್ಟುಕೊಂಡಿದ್ದೆ, ಹಾಳೆಯನ್ನು ಅವರ ಕೈಗೆ ಕೊಟ್ಟು ನೆಲ ನೋಡುತ್ತ ಕೂರೋಣ ಎಂದು. ಹರಿದು ಹಾಕಿದೆ. ಎದ್ದು ನಿಂತು ಹೇಳುತ್ತೇನೆ.

ನನ್ನ ದನಿ ಕಪಾಟಿನಲ್ಲಿ ಇರದಿದ್ದರೂ ನಡೆಯುತ್ತದೆ. ನಾಳೆ ಅದು ನನಗೇ ಬೇಕು.